ಹೊಸ್ತಿಲಿಗೆ ಬಂದ ಗೋಲಿ

ನಮ್ಮೂರಿನಲ್ಲಿ ಯಾರೂ ಈರುಳ್ಳಿಯನ್ನು ನೆಲದ ಮೇಲೆ ಸುರಿಯುವುದಿಲ್ಲ. ಬುಟ್ಟಿಯಿಂದ ಒಂದೇ ಒಂದು ಜಾರಿದರೂ ಸಾಕು, ಅದು ಉರುಳುತ್ತ ಹೋಗಿ, ಮನೆಯ ಭಾರ ಯಾರ ಮೇಲೆ ಕೂತಿದೆಯೋ ಅವರ ಕಾಲ ಬುಡದಲ್ಲಿ ನಿಲ್ಲುತ್ತದೆ. ನೆಂಟರ ಮುಂದೆ ಈ ಮಾನಗೇಡು ಯಾಕೆಂದು ಕೆಲವರು ನೆಲಕ್ಕೆ ಗೋಣಿತಾಟು ಹಾಸುತ್ತಾರೆ. ಹೆಣ್ಣು ನೋಡಲು ಬಂದವರಲ್ಲಿ ಒಬ್ಬ ಅಜ್ಜಿಯಾದರೂ ಸೆರಗಿನಲ್ಲಿ ನಿಂಬೆಹಣ್ಣು ಇಟ್ಟುಕೊಂಡಿರುತ್ತಾಳೆ. ಅಯ್ಯೋ ಕೈ ಜಾರಿತು ಎಂದು ಬೀಳಿಸಿ, ಅದು ಎತ್ತ ಹೋಯಿತೆಂದು ಓರೆಗಣ್ಣಿನಲ್ಲಿ ನೋಡುತ್ತಾಳೆ. ದೋಸೆ ಹಿಟ್ಟು ಕಾವಲಿಯ ಮೇಲೆ ಒಂದೇ ಕಡೆ ಹರಿಯುವುದರಿಂದ ನಮ್ಮ ಹೆಂಗಸರು ಸೌಟನ್ನು ಓರೆಯಾಗಿ ತಿರುಗಿಸುತ್ತಾರೆ. ಬೇರೆ ಊರಿನಿಂದ ಬಂದ ಸೊಸೆಯರಿಗೆ ಅದು ಕೈಗೆ ಹತ್ತಲು ಒಂದು ವರ್ಷ ಬೇಕು. ಬೀದಿಯಲ್ಲಿ, ಶಾಲೆಯಲ್ಲಿ, ಬಸ್ ನಿಲ್ದಾಣದಲ್ಲಿ ಇದೇನೂ ಇಲ್ಲ. ಇದು ನಾಲ್ಕು ಗೋಡೆಯ ಒಳಗಿನ ಮಾತು.

ನಾನು ದಾಕ್ಷಾಯಿಣಿ. ಊರಿನ ಸಮಾಜಸೇವಾ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಮನೆ ನೋಡುವ ಕೆಲಸ ಮಾಡಿದೆ. ಮನೆ ನೋಡುವುದೆಂದರೆ ಇಷ್ಟೇ: ಕಚೇರಿಯವರು ಕೊಟ್ಟ ಕಬ್ಬಿಣದ ಗೋಲಿಯನ್ನು ಚೀಲದಲ್ಲಿ ಹಾಕಿಕೊಂಡು ಹೋಗುವುದು, ಮನೆಯವರಲ್ಲಿ ಒಬ್ಬರ ಕೈಗೆ ಕೊಟ್ಟು ನಡುಮನೆಯಲ್ಲಿ ಬಿಡಿಸುವುದು, ಎತ್ತ ಹೋಯಿತೆಂದು ಬರೆದುಕೊಳ್ಳುವುದು. ಗೋಲಿ ನಿಲ್ಲುವ ತನಕ ನಾವು ಹೊಸ್ತಿಲ ಮೇಲೆ ಕೂತಿರಬೇಕು, ಏಳಬಾರದು. ಒಳಗೆ ಹೋದರೆ ಮನೆಯವರಾಗಿಬಿಡುತ್ತೇವೆ, ಹೊರಗೆ ನಿಂತರೆ ಗೋಲಿ ಕಾಣುವುದಿಲ್ಲ, ಅದಕ್ಕೇ ಹೊಸ್ತಿಲು. ಈ ನಿಯಮವನ್ನು ಅಮ್ಮನಿಂದ ಕಲಿತ ಮಡಿಯಂತೆ ಪಾಲಿಸಿದೆ. ಒಂದೇ ಒಂದು ದಿನ ಬಿಟ್ಟರೆ ನಡುವೆ ಎದ್ದವಳಲ್ಲ.

ಕೆಲಸಕ್ಕೆ ಸೇರುವಾಗ ನಮಗೆ ಪಾಠ ಮಾಡಿದವರು ಪದ್ಮರಾಜಯ್ಯ ಮೇಷ್ಟ್ರು. ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ಸಮಾಜಸೇವೆಗೆ ಭೌತಶಾಸ್ತ್ರವೇಕೆ ಎಂದು ನಾವು ಹಿಂದಿನ ಬೆಂಚಿನಲ್ಲಿ ಮೂಗು ಮುರಿದಿದ್ದೆವು. ಅವರು ಬೋರ್ಡಿನ ಮೇಲೆ ಒಂದು ಗೆರೆ ಎಳೆದು, "ಇದು ಸನ್ನೆಗೋಲು. ಕಲ್ಲು ಎತ್ತೋಕೆ ಪೈಲ್ವಾನ್ ಬೇಡ, ಆಸರೆ ಎಲ್ಲಿ ಕೊಡ್ಬೇಕು ಅಂತ ಗೊತ್ತಿದ್ರೆ ಸಾಕು. ನೀವೂ ಅಷ್ಟೇ, ಹೋಗಿ ಸಂಸಾರ ಎತ್ತಬೇಡಿ, ಆಸರೆ ಹುಡುಕಿ" ಎಂದರು. ಇನ್ನೊಂದು ದಿನ ಗೋಣಿತಾಟಿನ ಮೇಲೆ ಗೋಲಿ ಇಟ್ಟು, ಅದು ಕದಲದೆ ನಿಂತಾಗ, "ಗೋಲಿ ನಿಂತಿದೆ ಅಂದ್ರೆ ನೆಲ ಸಮ ಇದೆ ಅಂತ ಅಲ್ಲ, ನೆಲ ಒರಟಾಗಿದೆ ಅಂತ. ಜಗಳ ಇಲ್ದಿರೋ ಮನೇಲೆಲ್ಲಾ ಸುಖ ಇದೆ ಅಂದ್ಕೋಬೇಡಿ" ಎಂದರು. ಆದರೆ ಅವರು ಹೆಚ್ಚು ಸಲ ಹೇಳಿದ ಮಾತು ಬೇರೆ. "ಭಾರ ಎಲ್ಲೂ ಹೋಗಲ್ಲ ಕಣ್ರಮ್ಮ. ಜಾಗ ಬದಲಾಯಿಸುತ್ತೆ, ಅಷ್ಟೇ." ಅದನ್ನು ನಾವು ಪರೀಕ್ಷೆಗೆ ಬರೆದು ಪಾಸಾದೆವು. ಅರ್ಥ ಮಾಡಿಕೊಳ್ಳಲು ಹೋಗಲಿಲ್ಲ.

ಕೆಲಸ ಚೆನ್ನಾಗಿಯೇ ಮಾಡಿದೆ, ಸುಳ್ಳು ಯಾಕೆ ಹೇಳಲಿ. ಹಾಸಿಗೆ ಹಿಡಿದ ಅಪ್ಪನನ್ನು ಒಬ್ಬಳೇ ನೋಡಿಕೊಳ್ಳುತ್ತಿದ್ದ ಮಗಳಿಗಾಗಿ ಪಕ್ಕದ ಬೀದಿಯ ಚಿಕ್ಕಪ್ಪನನ್ನು ಹಿಡಿದು ಮಧ್ಯಾಹ್ನ ಕೂರಿಸಿದೆ. ಕುಡುಕ ಗಂಡನ ತಾಯಿಯನ್ನು ಸೊಸೆಯ ಕಡೆಗೆ ತಿರುಗಿಸಿದೆ. ಮುಂದಿನ ತಿಂಗಳು ಹೋದಾಗ ಗೋಲಿ ಮೊದಲಿನ ರಭಸದಲ್ಲಿ ಉರುಳುತ್ತಿರಲಿಲ್ಲ. ಹೆಂಗಸರು ನನ್ನ ಕೈ ಹಿಡಿದು ಅತ್ತು, ಹಗುರವಾಗಿ, ಕಾಫಿ ಕೊಟ್ಟು ಕಳಿಸುತ್ತಿದ್ದರು. ನಾನು ಮುಂದಿನ ಮನೆಗೆ ಹೋಗುತ್ತಿದ್ದೆ. ಕೊನೆಕೊನೆಗೆ ಎಷ್ಟು ದಣಿವೆಂದರೆ, ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವಾಗ ಒಂದು ಬಿಟ್ಟು ಇನ್ನೊಂದನ್ನು ಬಿಡಲು ಬೇಸರವಾಗಿ ಹಾಗೇ ಕೂತುಬಿಡುತ್ತಿದ್ದೆ. ನನ್ನ ಮನೆಯಲ್ಲಿ ನಾನೊಬ್ಬಳೇ. ಒಬ್ಬರೇ ಇರುವ ಮನೆಯಲ್ಲಿ ಬಿದ್ದದ್ದೆಲ್ಲ ಅವರತ್ತಲೇ ಬರುತ್ತದೆ. ಅದರಿಂದ ತಿಳಿಯುವುದು ಏನೂ ಇಲ್ಲ.

ಎರಡು ವರ್ಷದಿಂದ ಒಂದು ಬದಲಾವಣೆ ಆಗಿತ್ತು. ನಾನು ಹೋದ ಮನೆಗಳಲ್ಲಿ ಗೋಲಿ ಹೊಸ್ತಿಲಿಗೆ ಬರತೊಡಗಿತು. ಗೋಲಿ ಹೊಸ್ತಿಲಿಗೆ ಬಂದರೆ ಅದಕ್ಕೆ ನಮ್ಮಲ್ಲಿ ಒಳ್ಳೆಯ ಅರ್ಥವಿದೆ: ಮನೆಯ ಭಾರ ಒಳಗಿನವರ ಮೇಲಿಲ್ಲ, ಹೊರಗಿನ ಯಾವುದೋ ಸಂಗತಿಯಲ್ಲಿದೆ. ಕೆಲಸ ಇಲ್ಲದಿದ್ದರೆ ಕೆಲಸ ಕೊಡಿಸು, ಕಾಗದಪತ್ರ ಬೇಕಿದ್ದರೆ ಮಾಡಿಸು, ಅಲ್ಲಿಗೆ ಮುಗಿಯಿತು. ಹಾಳೆಯ ಮೇಲೆ 'ಹೊಸ್ತಿಲು' ಎಂದು ಬರೆದು ಮುಚ್ಚುವುದು. ನಮ್ಮ ಅಧೀಕ್ಷಕರು ಸಂಪಂಗಿರಾಮಯ್ಯನವರು ಸಭೆಯಲ್ಲಿ ನನ್ನನ್ನು ಎಬ್ಬಿಸಿ ನಿಲ್ಲಿಸಿ, "ದಾಕ್ಷಾಯಿಣಿಯವರ ಬೀದಿಗಳಲ್ಲಿ ಸಂಸಾರಗಳು ಸಮ ಆಗ್ತಾ ಇವೆ" ಎಂದು ಹೊಗಳಿದರು. ನಾನೂ ನಂಬಿದೆ. ದಣಿದವರಿಗೆ ಒಳ್ಳೆಯ ಸುದ್ದಿಯನ್ನು ಎರಡು ಸಲ ನೋಡುವ ಶಕ್ತಿ ಇರುವುದಿಲ್ಲ.

ಭಾಗೀರಥಿಯ ಮನೆಯನ್ನು ನಾನು ಹೀಗೇ ಮುಚ್ಚಿದ್ದು. ಭಾಗೀರಥಿಗೆ ಇಪ್ಪತ್ತೆಂಟು ವರ್ಷ, ಮಾತು ಕಡಿಮೆ. ತಾಯಿ ಲಕ್ಕಮ್ಮನಿಗೆ ಮರೆವು. ಮಗಳನ್ನೇ ಒಮ್ಮೊಮ್ಮೆ ತನ್ನ ಅತ್ತೆಯೆಂದು ತಿಳಿದು ಹೆದರುತ್ತಿದ್ದಳು, ಒಲೆ ಹಚ್ಚಿ ಮರೆಯುತ್ತಿದ್ದಳು, ಬಾಗಿಲು ತೆರೆದಿದ್ದರೆ ಹೊರಟುಬಿಡುತ್ತಿದ್ದಳು. ಅಣ್ಣ ತಿರುಮಲೇಶನಿಗೆ ಕೆಲಸ ಹೋಗಿ ಮನೆಯಲ್ಲಿದ್ದ. ಮೂರು ಸಲ ಹೋದೆ. ಮೂರು ಸಲವೂ ಭಾಗೀರಥಿಯೇ ಗೋಲಿ ಬಿಟ್ಟಳು, ಮೂರು ಸಲವೂ ಅದು ನೇರವಾಗಿ ಹೊಸ್ತಿಲಿಗೆ ಬಂತು. "ನಿಂಗೇನೂ ಕಷ್ಟ ಇಲ್ವೇನಮ್ಮಾ?" ಎಂದು ಕೇಳಿದ್ದೆ. ಅವಳು ಗೋಲಿಯನ್ನು ನೋಡುತ್ತ, "ಈಗ ಇಲ್ಲ ಅಕ್ಕಾ" ಎಂದಿದ್ದಳು. ಹೊಸ್ತಿಲು ಎಂದು ಬರೆದೆ. ಕಚೇರಿಯವರು ತಿರುಮಲೇಶನಿಗೆ ಮೂರು ಊರಿನಾಚೆಯ ಹೆಂಚಿನ ಕಾರ್ಖಾನೆಯಲ್ಲಿ ಕೆಲಸ ಕೊಡಿಸಿದರು. ಅವನು ಹೊರಟುಹೋದ. ತಾಯಿಯ ಜೊತೆ ಅವಳೊಬ್ಬಳೇ ಉಳಿದಳು.

ನಾಲ್ಕು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಭಾಗೀರಥಿ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿ ಬಸ್ ನಿಲ್ದಾಣಕ್ಕೆ ಹೋಗಿ ಕೂತಳು. ಮಧ್ಯಾಹ್ನ ಲಕ್ಕಮ್ಮ ಹಿತ್ತಲ ಗೋಡೆ ಹತ್ತಲು ಹೋಗಿ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಕೂಗು ಕೇಳಿ ಓಡಿ ಬಂದವರು ಪಕ್ಕದ ಮನೆಯ ಜುಲೇಖಾಬಿ. ಭಾಗೀರಥಿಯನ್ನು ಸಂಜೆ ಹೊತ್ತಿಗೆ ಹುಡುಕಿ ತಂದು ಕಚೇರಿಯ ಹಿಂದಿನ ಕೋಣೆಯಲ್ಲಿ ಇರಿಸಿದರು. ನಮ್ಮೂರಿನ ಕಾನೂನು ಇದರಲ್ಲಿ ಬಹಳ ಸ್ಪಷ್ಟ. ಭಾರ ಹೊತ್ತವರು ತಡೆಯಲಾರದೆ ಬಿಟ್ಟು ಹೋದರೆ ಅದು ಕುಸಿತ, ಅದಕ್ಕೆ ಶಿಕ್ಷೆಯಿಲ್ಲ, ಸಹಾಯ ಕೊಡುತ್ತಾರೆ. ಭಾರವೇ ಇಲ್ಲದವರು ಬಿಟ್ಟು ಹೋದರೆ ಅದು ತೊರೆತ. ಅಂಥವರನ್ನು ಮೂರು ವರ್ಷ ಊರಿನಾಚೆ ಕಳಿಸುತ್ತಾರೆ, ಅವರು ಯಾರನ್ನು ಬಿಟ್ಟುಹೋದರೋ ಅವರ ಮುಖ ನೋಡಲು ಬಿಡುವುದಿಲ್ಲ. ಲಕ್ಕಮ್ಮನಂಥವರಿಗೆ ಮೂರು ವರ್ಷದ ನಂತರ ಮಗಳ ಮುಖ ತೋರಿಸಿ ಏನು ಪ್ರಯೋಜನ?

ಸಂಪಂಗಿರಾಮಯ್ಯನವರು ನನ್ನ ಹಾಳೆಗಳನ್ನು ಮುಂದೆ ಹರಡಿಕೊಂಡು ಕೂತಿದ್ದರು. "ಮೂರು ಸಲಾನೂ ಹೊಸ್ತಿಲು ಅಂತ ನೀವೇ ಬರ್ದಿದೀರಿ. ಇನ್ನೇನು ವಿಚಾರಣೆ ಮಾಡೋದು? ಆದ್ರೂ ನಿಯಮ ಇದೆ, ಇನ್ನೊಂದ್ಸಲ ಮನೆ ನೋಡ್ಕೊಂಡು ಬನ್ನಿ. ನಾಡಿದ್ದು ತೀರ್ಮಾನ ಮಾಡೋಣ" ಎಂದರು. ನಾನು ಚೀಲ ಎತ್ತಿಕೊಂಡು ಹೊರಟೆ. ಆ ಹುಡುಗಿಯ ಮೇಲೆ ನನಗೆ ಸಿಟ್ಟೂ ಬಂದಿತ್ತು. ನೆಲ ಸಮವಿದ್ದ ಮನೆಯಲ್ಲಿ ಇದ್ದುಕೊಂಡು ಹೀಗೆ ಮಾಡುವುದೇ ಎಂದುಕೊಂಡೆ. ಅದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಮನೆಯಲ್ಲಿ ಲಕ್ಕಮ್ಮ ಕೈಗೆ ಪಟ್ಟಿ ಕಟ್ಟಿಸಿಕೊಂಡು ಅಡುಗೆಮನೆಯ ಮೂಲೆಯಲ್ಲಿ ಕೂತಿದ್ದಳು. ಜುಲೇಖಾಬಿ ಅನ್ನ ಕಲಸುತ್ತಿದ್ದರು. ನಾನು ಹೊಸ್ತಿಲ ಮೇಲೆ ಕೂತು ಗೋಲಿಯನ್ನು ಲಕ್ಕಮ್ಮನ ಸರಿಯಿದ್ದ ಕೈಗೆ ಕೊಡಿಸಿದೆ. ಅವಳು ಅದನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ ಕೆಳಗೆ ಬಿಟ್ಟಳು. ಗೋಲಿ ಎಂದಿನಂತೆ ನನ್ನತ್ತ ಹೊರಟಿತು. ಅಷ್ಟರಲ್ಲಿ ಲಕ್ಕಮ್ಮ ಇದ್ದಕ್ಕಿದ್ದಂತೆ ಎದ್ದು, "ಭಾಗಿ ಎಲ್ಲಿ? ಭಾಗಿ ಉಂಡಳಾ?" ಎಂದು ಗೋಡೆಯನ್ನು ತಡವುತ್ತ ಹಿತ್ತಲಿನತ್ತ ಹೋದಳು. ಕಾಲು ಸೆರಗಿಗೆ ಸಿಕ್ಕಿ ಮುಗ್ಗರಿಸಿದಳು. ಜುಲೇಖಾಬಿಯ ಕೈ ಅನ್ನದಲ್ಲಿತ್ತು. ನಾನು ಎದ್ದು ಓಡಿ ಅವಳನ್ನು ಹಿಡಿದೆ.

ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ, ಗೋಲಿ ನಿಲ್ಲುವ ಮುಂಚೆ ಎದ್ದಿದ್ದೆ. ಲಕ್ಕಮ್ಮನನ್ನು ಕೂರಿಸಿ ತಿರುಗಿ ನೋಡಿದರೆ, ಹೊಸ್ತಿಲ ಹತ್ತಿರ ಹೋಗಿದ್ದ ಗೋಲಿ ಅಲ್ಲಿ ನಿಂತಿರಲಿಲ್ಲ. ತಿರುಗಿ, ನಡುಮನೆ ದಾಟಿ, ಅಡುಗೆಮನೆಯ ಮೂಲೆಗೆ, ನನ್ನ ಕಾಲ ಬಳಿಗೆ ಬರುತ್ತಿತ್ತು. ಎದ್ದು ಇನ್ನೊಂದು ಗೋಡೆಗೆ ಒರಗಿ ನಿಂತೆ. ಅಲ್ಲಿಗೂ ಬಂತು. ಜುಲೇಖಾಬಿ ಅನ್ನದ ಕೈಯನ್ನು ಹಾಗೇ ಹಿಡಿದುಕೊಂಡು, "ಯಾ ಅಲ್ಲಾ, ಇದು ನಿಮ್ ಹಿಂದೇನೇ ಬರ್ತೈತಲ್ಲ ದಾಕ್ಷಕ್ಕಾ" ಎಂದರು.

ಅಲ್ಲಿಂದ ನೇರವಾಗಿ ಪದ್ಮರಾಜಯ್ಯ ಮೇಷ್ಟ್ರ ಮನೆಗೆ ಹೋದೆ. ಅವರಿಗೆ ಈಗ ತೊಂಬತ್ತರ ಹತ್ತಿರ. ಜಗಲಿಯ ಮೇಲೆ ಬಿಸಿಲಿಗೆ ಕಾಲು ಚಾಚಿ ಕೂತಿದ್ದರು. ನಡೆದದ್ದನ್ನೆಲ್ಲ ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ನಿದ್ದೆ ಹೋದರೇನೋ ಎಂದುಕೊಳ್ಳುವಷ್ಟರಲ್ಲಿ, "ಚಿಕ್ಕ ಬಟ್ಟಲಲ್ಲಿ ಬಿಸಿನೀರು ಇದೆ. ಎಷ್ಟು ಬಿಸಿ ಅಂತ ನೋಡೋಕೆ ದಪ್ಪನೆ ಥರ್ಮಾಮೀಟರು ಅದ್ದುತೀಯ. ಏನಾಗುತ್ತೆ?" ಎಂದು ಕೇಳಿದರು. ಈ ವಯಸ್ಸಿನಲ್ಲೂ ಪ್ರಶ್ನೆ ಕೇಳುವುದು ಬಿಟ್ಟಿಲ್ಲ.

"ಥರ್ಮಾಮೀಟರೇ ಒಂದಿಷ್ಟು ಬಿಸಿ ತಗೊಳುತ್ತೆ ಸಾರ್."

"ತಗೊಂಡು, ನೀರು ತಣ್ಣಗಿದೆ ಅಂತ ಸುಳ್ಳು ತೋರ್ಸುತ್ತೆ. ಸುಳ್ಳು ಅದರದ್ದಲ್ಲ, ಪಾಪ." ಮತ್ತೆ ಹೇಳಿದರು: "ಭಾರ ಎಲ್ಲೂ ಹೋಗಲ್ಲ ಅಂತ ನಿಮ್ಗೆ ಸಾವಿರ ಸಲ ಹೇಳಿದೆ. ಆ ಮನೆಗಳಲ್ಲಿ ಕಮ್ಮಿ ಆಗಿದ್ದು ಎಲ್ಲಿ ಹೋಯ್ತು ಅಂತ ನೀವೂ ಕೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಅಳೆಯೋರಿಗೂ ತೂಕ ಇರುತ್ತೆ ಅನ್ನೋ ಒಂದು ಪಾಠ ಬಿಟ್ಟೆ ಕಣಮ್ಮಾ." ಅವರ ಕಣ್ಣು ಒದ್ದೆಯಾಗಿತ್ತು. ಮುದುಕರನ್ನು ಅಳಿಸಿದೆನಲ್ಲ ಎಂದು ನನಗೆ ಇನ್ನಷ್ಟು ಸುಸ್ತಾಯಿತು.

ಕಚೇರಿಯ ಹಿಂದಿನ ಕೋಣೆಯಲ್ಲಿ ಭಾಗೀರಥಿ ಕಿಟಕಿಯ ಕಡೆ ಬೆನ್ನು ಮಾಡಿ ಕೂತಿದ್ದಳು. "ಅಮ್ಮ ಉಂಡ್ಳಾ?" ಎಂದು ಮೊದಲು ಕೇಳಿದಳು. ಉಂಡಳೆಂದೆ. ನಾನು ಎದುರಿಗೆ ಕೂತು, ಗೋಲಿ ಬಂದದ್ದು ನನ್ನತ್ತ, ಹೊಸ್ತಿಲಿನತ್ತ ಅಲ್ಲ ಎಂದು ಹೇಳಿದೆ. ಅವಳಿಗೆ ಆಶ್ಚರ್ಯವಾಗಲಿಲ್ಲ.

"ಗೊತ್ತಿತ್ತು" ಎಂದಳು. "ನೀವು ಆ ಕಡೆ ಹೋಗ್ತಿದ್ದಂಗೇ ಆಲೂಗೆಡ್ಡೆ, ಚೆಂಬು, ಅಮ್ಮನ ಮಾತ್ರೆ, ಎಲ್ಲಾ ತಿರ್ಗಾ ನನ್ ಕಡೇನೇ ಬರೋವು."

"ಮತ್ತೆ ಯಾಕಮ್ಮಾ ಹೇಳ್ಲಿಲ್ಲ? ಒಂದ್ ಮಾತು ಹೇಳಿದ್ರೆ ಇಷ್ಟೆಲ್ಲ ಆಗ್ತಿತ್ತಾ?"

ಅವಳು ಸೀರೆಯ ಅಂಚನ್ನು ಮಡಚುತ್ತ ಬಿಚ್ಚುತ್ತ ಕೂತಳು. "ನೀವು ಬಂದಾಗ ಅರ್ಧ ಗಂಟೆ ನನ್ ಕಡೆ ಏನೂ ಬರ್ತಿರ್ಲಿಲ್ಲ ಅಕ್ಕಾ. ಹೇಳಿದ್ರೆ ನಿಮ್ಮನ್ನ ಬಿಟ್ಟು ಬೇರೆಯೋರ್ನ ಕಳ್ಸಿಬಿಡ್ತಾರೇನೋ ಅಂತ ಸುಮ್ನಿದ್ದೆ."

ಬಸ್ ನಿಲ್ದಾಣದಲ್ಲಿ ಎಲ್ಲಿಗೆ ಹೋಗಲು ಕೂತಿದ್ದೆ ಎಂದು ಕೇಳಿದೆ. ಎಲ್ಲಿಗೂ ಇಲ್ಲ ಎಂದಳು. "ಒಂದು ಕಿತ್ತಳೆಹಣ್ಣು ತಗೊಂಡು ಬೆಂಚಿನ ಮೇಲೆ ಪಕ್ಕದಲ್ಲಿಟ್ಟೆ. ಅಲ್ಲೇ ಇತ್ತು ಅಕ್ಕಾ. ಅಲ್ಲಾಡ್ಲಿಲ್ಲ. ಅದನ್ನೇ ನೋಡ್ತಾ ಕೂತೆ. ಈಗ ಎದ್ದೇಳ್ತೀನಿ, ಈಗ ಎದ್ದೇಳ್ತೀನಿ ಅಂದ್ಕೊಂಡು ಸಂಜೆ ಆಗೋಯ್ತು." ಆಮೇಲೆ ಅತ್ತಳು. ನಾನೂ ಅತ್ತೆ. ಕಚೇರಿಯ ಹಿಂದಿನ ಕೋಣೆಯಲ್ಲಿ ಕೂತು ಮನೆ ನೋಡುವವರು ಅಳಬಾರದೆಂಬ ನಿಯಮವೂ ನಮ್ಮಲ್ಲಿದೆ. ಅವತ್ತು ಅದೂ ಮುರಿಯಿತು.

ಮಾರನೆಯ ದಿನ ಸಂಪಂಗಿರಾಮಯ್ಯನವರ ಮುಂದೆ ನಿಂತು ಎಲ್ಲ ಹೇಳಿದೆ. ಅವರು ಮೊದಲು ನಂಬಲಿಲ್ಲ, ನಂತರ ಗಾಬರಿಯಾದರು, ಬಾಗಿಲು ಮುಚ್ಚಿಸಿದರು. "ಈ ಎರಡು ವರ್ಷದಲ್ಲಿ ನೀವು ಹೊಸ್ತಿಲು ಅಂತ ಮುಚ್ಚಿದ ಮನೆ ಎಷ್ಟು ಗೊತ್ತಾ? ನಲವತ್ತಾರು. ಅಷ್ಟನ್ನೂ ತಿರುಗಿ ತೆಗೀಬೇಕಾಗುತ್ತೆ. ಮೇಲಿನವರಿಗೆ ನಾನೇನು ಹೇಳ್ಲಿ? ಒಂದು ಹುಡುಗಿಗೋಸ್ಕರ..." ಎಂದು ನಿಲ್ಲಿಸಿದರು. ಕೆಟ್ಟವರಲ್ಲ ಅವರು. ವಾಕ್ಯ ಮುಗಿಸಲು ಅವರಿಗೇ ಬಾಯಿ ಬರಲಿಲ್ಲ.

"ನಲವತ್ತಾರೂ ತೆಗೀರಿ ಸಾರ್. ಅಲ್ಲೂ ಯಾರೋ ಚಿಲಕ ನೋಡ್ತಾ ಕೂತಿರ್ತಾರೆ."

"ನಿಮ್ಮ ಕೆಲಸ ಉಳಿಯಲ್ಲ."

"ಉಳೀಬಾರದು ಸಾರ್. ಗೋಲಿ ನನ್ ಕಾಲಿಗೇ ಬರೋವಾಗ ನಾನು ಇನ್ನು ಯಾವ ಮನೆ ನೋಡ್ಲಿ?"

ಬರೀ ಬಾಯಿಮಾತು ಸಾಲದೆಂದು, ಮೂರನೆಯ ದಿನ ಬೆಳಿಗ್ಗೆ ಎಲ್ಲರೂ ಭಾಗೀರಥಿಯನ್ನು ಕರೆದುಕೊಂಡು ಅವಳ ಮನೆಗೆ ಹೋದರು. ಸಂಪಂಗಿರಾಮಯ್ಯನವರೇ ಹೊಸ್ತಿಲ ಮೇಲೆ ಕೂತರು. ಅವರು ಹೊಸ್ತಿಲ ಮೇಲೆ ಕೂತು ಎಷ್ಟು ವರ್ಷವಾಗಿತ್ತೋ, ಮಂಡಿ ಹಿಡಿದುಕೊಂಡು ಕೂತರು. ನಾನು ಆ ಬೀದಿಯಲ್ಲೇ ಇರಕೂಡದೆಂದು ತೀರ್ಮಾನವಾಗಿತ್ತು. ಬೀದಿಯ ತುದಿ ದಾಟಿ ನೀರಿನ ಟ್ಯಾಂಕಿನ ಕೆಳಗೆ ಹೋಗಿ ನಿಂತೆ. ಜೀವಮಾನವಿಡೀ ಗೋಲಿ ನೋಡಿದವಳು ನಾನು, ನೋಡಲೇಬೇಕಾಗಿದ್ದ ಒಂದನ್ನು ನೋಡಲಾಗಲಿಲ್ಲ. ಹಳೆಯ ಸುಳ್ಳುಗಳೆಲ್ಲ ಹೀಗೇ ನಿಜವಾಗಿಬಿಟ್ಟರೆ, ನಾನು ದೂರವಿದ್ದರೂ ಅದು ಹೊಸ್ತಿಲಿಗೇ ಹೋದರೆ ಎಂದು ಹೆದರಿದ್ದೆ. ಟ್ಯಾಂಕಿನಿಂದ ತೊಟ್ಟಿಕ್ಕುತ್ತಿದ್ದ ನೀರು ನೇರವಾಗಿ ಚರಂಡಿಗೆ ಹರಿಯುತ್ತಿತ್ತು. ಅದನ್ನೇ ನೋಡುತ್ತ ನಿಂತೆ.

ಕೊನೆಗೆ ಜುಲೇಖಾಬಿ ಬೀದಿಯ ತುದಿಯಲ್ಲಿ ಕಾಣಿಸಿಕೊಂಡರು. ಓಡಲಾರದ ಮೈ, ಆದರೂ ಓಡುತ್ತಿದ್ದರು. ಹತ್ತಿರ ಬಂದು ಉಸಿರು ಹಿಡಿದುಕೊಂಡು, "ಹೋಯ್ತು ದಾಕ್ಷಕ್ಕಾ. ಅವಳ ಕಡೇನೇ ಹೋಯ್ತು. ಬಿಟ್ಟ ಕೂಡ್ಲೇ ಹೋಯ್ತು. ಎಂಥಾ ಜೋರು ಅಂತೀರಿ, ಕಾಲುಬೆರಳಿಗೆ ಬಡಿದು ಉಗುರು ಕಪ್ಪಗಾಯ್ತು. ಸಾಹೇಬ್ರು ಎದ್ದು ನಿಂತ್ಬಿಟ್ರು" ಎಂದರು. ನಾನು ಟ್ಯಾಂಕಿನ ಕಂಬಕ್ಕೆ ಒರಗಿ ಅಲ್ಲೇ ಕುಳಿತೆ. ಒಂದು ಹುಡುಗಿಯ ಕಾಲಿಗೆ ಪೆಟ್ಟಾಯಿತೆಂದು ಸಂತೋಷಪಟ್ಟ ದಿನ ಅದೊಂದೇ.

ಕುಸಿತವೆಂದು ಬರೆದರು. ಭಾಗೀರಥಿ ಮನೆಗೆ ಬಂದಳು. ತಿರುಮಲೇಶನಿಗೆ ಹೇಳಿಕಳಿಸಿದರೆ, ರಜೆ ಸಿಕ್ಕ ಕೂಡಲೇ ಬರುತ್ತೇನೆ ಎಂದ, ಇನ್ನೂ ಸಿಕ್ಕಿಲ್ಲ. ನಲವತ್ತಾರು ಮನೆಗಳಿಗೆ ಬೇರೆಯವರು ಹೋಗುತ್ತಿದ್ದಾರೆ. ಹದಿನೆಂಟು ಮನೆಗಳಲ್ಲಿ ಗೋಲಿ ಒಳಗೇ ನಿಂತಿತೆಂದು ಕೇಳಿದೆ, ಆ ಬೀದಿಗಳಲ್ಲಿ ಹೋಗುವಾಗ ತಲೆಯೆತ್ತಲು ಆಗುವುದಿಲ್ಲ. ನನ್ನ ಗೋಲಿಯನ್ನು ಕಚೇರಿಯವರು ವಾಪಸು ಪಡೆದರು. ಅದಿಲ್ಲದ ಚೀಲ ಎಷ್ಟು ಹಗುರವೆಂದರೆ, ಎರಡು ಮೂರು ಸಲ ಎಲ್ಲೋ ಬಿಟ್ಟುಬಂದೆ.

ವಾರದಲ್ಲಿ ಮೂರು ಮಧ್ಯಾಹ್ನ ನಾನು ಲಕ್ಕಮ್ಮನ ಜೊತೆ ಕೂರುತ್ತೇನೆ, ಬೆಳಗಿನ ಹೊತ್ತು ಜುಲೇಖಾಬಿ ನೋಡುತ್ತಾರೆ. ಭಾಗೀರಥಿ ಆ ಹೊತ್ತಿನಲ್ಲಿ ಮಲಗುತ್ತಾಳೆ, ಇಲ್ಲವೇ ಸುಮ್ಮನೆ ಪೇಟೆಗೆ ಹೋಗಿ ಬರುತ್ತಾಳೆ. ಈಗ ನಾನು ಹೊಸ್ತಿಲ ಮೇಲೆ ಕೂರುವುದಿಲ್ಲ, ಒಳಗೆ ಕೂರುತ್ತೇನೆ. ನಾನಿದ್ದರೆ ಮನೆಯ ಸಾಮಾನೆಲ್ಲ ನನ್ನತ್ತ ಹೊರಡುತ್ತದೆ. ಭಾಗೀರಥಿಗೆ ಸಂಕೋಚ. "ನಿಮ್ಗೇ ಸಾಕಾಗಿದೆ, ಮತ್ತೆ ನಮ್ದೂ ಯಾಕಕ್ಕಾ?" ಎನ್ನುತ್ತಾಳೆ. ನಾನು ಉರುಳಿ ಬಂದ ಚೆಂಬನ್ನು ಎತ್ತಿ ಪಕ್ಕಕ್ಕಿಡುತ್ತೇನೆ.

ಮೊನ್ನೆ ಪೇಟೆಯಿಂದ ಬರುವಾಗ ಅವಳು ಒಂದು ಕಿತ್ತಳೆಹಣ್ಣು ತಂದಳು. ನಾವು ಮೂವರೂ ನಡುಮನೆಯಲ್ಲಿ ಕೂತಿದ್ದೆವು. ಅವಳು ಏನೂ ಹೇಳದೆ ಹಣ್ಣನ್ನು ನೆಲದ ಮೇಲೆ ಬಿಟ್ಟಳು. ಅದು ನನ್ನತ್ತ ಹೊರಟು, ನಿಧಾನವಾಗಿ, ಅವಳತ್ತ ವಾಲಿ, ಮತ್ತೆ ನನ್ನತ್ತ ತಿರುಗಿತು. ಇಬ್ಬರೂ ಅದನ್ನೇ ನೋಡುತ್ತಿದ್ದೆವು. ಲಕ್ಕಮ್ಮ ಪಟ್ಟಿ ಕಟ್ಟಿರದ ಕೈಯನ್ನು ಚಾಚಿ ಅದನ್ನು ಎತ್ತಿಕೊಂಡಳು.

"ಯಾರ್ದು ಇದು?" ಎಂದಳು. "ನಂದಾ?"

"ಹೂಂ ಅಮ್ಮಾ. ನಿಂದೇ" ಎಂದಳು ಭಾಗೀರಥಿ.

ಲಕ್ಕಮ್ಮನಿಗೆ ಹಣ್ಣನ್ನು ಮಡಿಲಲ್ಲಿಟ್ಟುಕೊಂಡು ಒಂದೇ ಕೈಯಲ್ಲಿ ಸಿಪ್ಪೆ ಸುಲಿಯಲು ಬಹಳ ಹೊತ್ತು ಹಿಡಿಯಿತು. ಸಹಾಯಕ್ಕೆ ಹೋದರೆ ಕೈ ತಳ್ಳಿದಳು. ಆಮೇಲೆ ತೊಳೆ ಬಿಡಿಸಿ ಮಗಳಿಗೊಂದು, ನನಗೊಂದು ಕೊಟ್ಟು, ತಾನೊಂದು ಬಾಯಿಗೆ ಹಾಕಿಕೊಂಡಳು. ಹಣ್ಣು ಹುಳಿಯಾಗಿತ್ತು. ಮೂವರೂ ಮುಖ ಕಿವುಚಿಕೊಂಡು ತಿಂದೆವು.